ಯೋರಿಸ್ ರಾಪೆಲ್ಯೆ, ಕತಲೀನಾ ತ್ರಿಕೋ ದಂಪತಿಯ ವಂಶ ಹುಡುಕುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಿವರು? ಇವರ ಬಗ್ಗೆ ಯಾಕೆ ಇಷ್ಟು ಮಾತು?

ನ್ಯೂಯಾರ್ಕಿಗೆ ಇನ್ನೂ ಆ ಹೆಸರು ಬಂದಿರಲಿಲ್ಲ. ಆ ಭಾಗವನ್ನು ಡಚ್ಚರು ನ್ಯೂ ನೆದರ್‌ಲ್ಯಾಂಡ್ ಎಂದು ಕರೆಯುತ್ತಿದ್ದರು. 1624ರಲ್ಲಿ ಅಲ್ಲಿಗೆ ಬಂದ ಮೊದಲ ಕುಟುಂಬಗಳಲ್ಲಿ ಈ ಜೋಡಿಯೂ ಒಂದು. ಇಬ್ಬರೂ ಡಚ್ಚರಲ್ಲ. ಫ್ರೆಂಚ್ ಮಾತಾಡುವ ವಾಲೂನ್ ಜನ. ಸ್ಪೇನ್ ಆಳ್ವಿಕೆಯ ಊರುಗಳಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಬಂದು, ಅಲ್ಲಿ ಮದುವೆಯಾಗಿ, ಹಡಗು ಹತ್ತಿದವರು. ಮೊದಲು ಫೋರ್ಟ್ ಆರೆಂಜ್ (ಈಗಿನ ಆಲ್ಬನಿ), ಆಮೇಲೆ ಮ್ಯಾನ್‌ಹಟನ್, ಕೊನೆಗೆ ಬ್ರೂಕ್ಲಿನ್. ಹನ್ನೊಂದು ಮಕ್ಕಳು. ಇವರ ಸಂತತಿ ಈಗ ಹತ್ತು ಲಕ್ಷ ದಾಟುತ್ತದೆ ಎಂಬ ಅಂದಾಜೂ ಓಡಾಡುತ್ತಿದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಅಲ್ಲಿಯ ಸೊಸೆಯೋ ಅಳಿಯನೋ ಬಂದಾಗ, ಮೊಮ್ಮಕ್ಕಳ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗ ಇಂಥ ಹೆಸರುಗಳು ಮೇಲೆ ಬರುತ್ತವೆ. ವಂಶ ಹುಡುಕುವ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು ಈ ಜೋಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಳ್ಳೆಯ ದಾಖಲೆ, ಹರಿದುಹೋದ ದಾಖಲೆ, ಶುದ್ಧ ಕಟ್ಟುಕಥೆ, ಮೂರೂ ಇವರ ವಿಷಯದಲ್ಲಿವೆ.

ಎಲ್ಲಿಂದ ಶುರು ಮಾಡಬೇಕು? ನೇರವಾಗಿ 1624ಕ್ಕೆ ಹೋಗಬಹುದಾ?

ಬೇಡ. ಎಲ್ಲರೂ ಅದನ್ನೇ ಮಾಡುತ್ತಾರೆ, ಅಲ್ಲೇ ಎಡವುತ್ತಾರೆ. ನಿಮ್ಮಿಂದ, ಅಥವಾ ಯಾರ ವಂಶ ಬೇಕೋ ಅವರಿಂದ ಶುರು ಮಾಡಿ. ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಪ್ರತಿ ಮೆಟ್ಟಿಲಲ್ಲೂ "ಇವರು ಇಂಥವರ ಮಗ ಅಥವಾ ಮಗಳು" ಎಂದು ತೋರಿಸುವ ಒಂದು ಕಾಗದವಾದರೂ ಕೈಯಲ್ಲಿರಬೇಕು. ನಮ್ಮಲ್ಲಿ ಹೆಳವರು ಎತ್ತಿನ ಮೇಲೆ ಬಂದು ತಲೆಮಾರುಗಳ ಹೆಸರು ಹೇಳಿ ಹೋಗುತ್ತಾರಲ್ಲ, ಅಲ್ಲಿ ಆ ಕೆಲಸ ಚರ್ಚಿನ ಪುಸ್ತಕ, ಉಯಿಲು, ಜಮೀನಿನ ಪತ್ರ ಮತ್ತು ಜನಗಣತಿಯದ್ದು.

ಅಮೆರಿಕದ ಜನಗಣತಿಯಲ್ಲಿ 1850ರಿಂದ ಮನೆಯ ಪ್ರತಿಯೊಬ್ಬರ ಹೆಸರೂ ಇದೆ (ಆಗ ಗುಲಾಮರಾಗಿದ್ದವರನ್ನು ಬಿಟ್ಟು). ಅದಕ್ಕೆ ಮೊದಲು ಮನೆಯ ಯಜಮಾನನ ಹೆಸರು ಮಾತ್ರ. ಹಾಗಾಗಿ 1850ರವರೆಗೆ ಬೇಗ ಹೋಗಬಹುದು. ಅಲ್ಲಿಂದ 1700ರವರೆಗಿನ ದಾರಿಯೇ ನಿಜವಾದ ಕಷ್ಟ. 1600ರ ದಶಕಗಳು ಅದಕ್ಕಿಂತ ಸುಲಭ. ಆ ಕಾಲದ ಕೆಲವೇ ಕುಟುಂಬಗಳ ಮೇಲೆ ನೂರಾರು ಜನ ಆಗಲೇ ಕೆಲಸ ಮಾಡಿದ್ದಾರೆ.

ಇವರ ಮದುವೆಯ ದಾಖಲೆ ನಿಜವಾಗಿಯೂ ಇದೆಯಾ?

ಇದೆ. ಇಡೀ ಕಥೆಯಲ್ಲಿ ಅತ್ಯಂತ ಗಟ್ಟಿಯಾದ ಕಾಗದ ಅದೇ. ಆಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮದುವೆಗೆ ಮುಂಚೆ ನಿಶ್ಚಯವನ್ನು ನೋಂದಣಿ ಮಾಡಿಸಬೇಕಿತ್ತು. ಆ ಪುಸ್ತಕಗಳು ಆಮ್‌ಸ್ಟರ್‌ಡ್ಯಾಮ್ ನಗರ ಆರ್ಕೈವ್ಸ್‌ನಲ್ಲಿವೆ. ಆನ್‌ಲೈನಲ್ಲೂ ನೋಡಬಹುದು.

1624ರ ಜನವರಿ 13ರಂದು ಇವರ ಹೆಸರು ಅಲ್ಲಿ ದಾಖಲಾಗಿದೆ. ಹುಡುಗ ವಲೆನ್ಸಿಯೆನ್ (ಈಗ ಉತ್ತರ ಫ್ರಾನ್ಸಿನಲ್ಲಿದೆ) ಊರಿನವನು, ವಯಸ್ಸು 19, ಬೋರಾ ಎಂಬ ಬಟ್ಟೆ ನೇಯುವ ಕೆಲಸ. ಹುಡುಗಿಗೆ 18. ಇಬ್ಬರಿಗೂ ಬರೆಯಲು ಬರುತ್ತಿರಲಿಲ್ಲ, ಸಹಿಯ ಜಾಗದಲ್ಲಿ ಗುರುತು ಹಾಕಿದ್ದಾರೆ. ಗುಮಾಸ್ತ ಕೇಳಿಸಿಕೊಂಡಂತೆ ಬರೆದಿದ್ದರಿಂದ ರಾಪೆಲ್ಯೆ ಅಲ್ಲಿ "ರಾಪೋರ್ಬಿ" ಆಗಿಬಿಟ್ಟಿದೆ. ಜನವರಿ 21ರಂದು ವಾಲೂನ್ ಚರ್ಚಿನಲ್ಲಿ ಮದುವೆ. ಅದಾದ ನಾಲ್ಕೇ ದಿನಕ್ಕೆ ಹಡಗು ಹೊರಟಿತು.

ಈ ನಾಲ್ಕು ಸಾಲನ್ನು ನಿಧಾನವಾಗಿ ಓದಿ. ವಯಸ್ಸು ಇದೆ, ಊರು ಇದೆ, ಕಸುಬು ಇದೆ. ಬರೆದದ್ದು ಅದೇ ದಿನ. ಮುಂದೆ ಸಿಗುವ ಎಲ್ಲ ಕಥೆಗಳನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ಯೋರಿಸ್ ದೊಡ್ಡ ಶ್ರೀಮಂತ ಮನೆತನದವನು ಅಂತ ಹಳೇ ಪುಸ್ತಕಗಳಲ್ಲಿ ಇದೆಯಲ್ಲ?

ಇದೆ. ನಂಬಬೇಡಿ. 19ನೇ ಶತಮಾನದಲ್ಲಿ ದುಡ್ಡಿದ್ದ ಕುಟುಂಬಗಳಿಗೆ ಯುರೋಪಿನ ರಾಜವಂಶದ ನಂಟು ಬೇಕಿತ್ತು. ಬರೆದುಕೊಡುವವರೂ ಇದ್ದರು. ಗಾಸ್ಪಾರ್ ಕೋಲೆ ದ ರಾಪಾಲ್ಯೆ ಎಂಬ ಫ್ರೆಂಚ್ ಸೇನಾಧಿಕಾರಿ, 1505ರಲ್ಲಿ ಹುಟ್ಟಿದವನು, ಇವನ ಪೂರ್ವಜ ಎಂದು ಬರೆದರು. ಈಗಲೂ ಅಂತರ್ಜಾಲದ ಸಾವಿರಾರು ವಂಶವೃಕ್ಷಗಳಲ್ಲಿ ಆ ಹೆಸರು ಕೂತಿದೆ. ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಮಾಡಿದ್ದು, ಅಷ್ಟೇ. ಅದನ್ನು ಯೋರಿಸ್‌ಗೆ ಜೋಡಿಸುವ ಒಂದು ಕಾಗದವೂ ಇಲ್ಲ. ದೊಡ್ಡ ಸೇನಾಧಿಕಾರಿಯ ಮೊಮ್ಮಗ 19ರ ವಯಸ್ಸಿಗೆ ಬಟ್ಟೆ ನೇಯುತ್ತಾ, ಸಹಿ ಹಾಕಲೂ ಬಾರದೆ ಇರುತ್ತಿದ್ದನಾ?

20ನೇ ಶತಮಾನದಲ್ಲಿ ಸಂಶೋಧಕರು ವಲೆನ್ಸಿಯೆನ್ ಊರಿನ ಚರ್ಚಿನ ಪುಸ್ತಕಗಳನ್ನೇ ತೆರೆದು ನೋಡಿದರು. ಸೇಂಟ್ ನಿಕೊಲಾ ಚರ್ಚಿನಲ್ಲಿ 1604ರ ಏಪ್ರಿಲ್ 28ರ ಒಂದು ಬ್ಯಾಪ್ಟಿಸಂ (ಮಗುವಿಗೆ ಕೊಡುವ ಕ್ರೈಸ್ತ ದೀಕ್ಷೆ) ದಾಖಲೆ ಸಿಕ್ಕಿತು. ಅದು ಯೋರಿಸ್‌ನದೇ ಇರಬೇಕು. ತಂದೆ ಜಾನ್ ರಾಪಾರೆಯೇ, ತಾಯಿ ಎಲಿಜಬೆತ್ ಬೋದ್ವಾನ್. 1624ರಲ್ಲಿ 19 ವರ್ಷ ಎಂಬ ಲೆಕ್ಕಕ್ಕೆ ಇದು ಸರಿಹೊಂದುತ್ತದೆ. ಅಪ್ಪನ ಹೆಸರೂ ಹೊಂದುತ್ತದೆ (ಯಾಕೆ ಎಂದು ಕೆಳಗೆ ಹೇಳಿದ್ದೇನೆ). ಯೋರಿಸ್ ತನ್ನ ಮಕ್ಕಳಲ್ಲಿ ಒಬ್ಬನಿಗೆ ಯಾನ್, ಒಬ್ಬಳಿಗೆ ಎಲಿಜಬೆತ್ ಎಂದು ಹೆಸರಿಟ್ಟಿದ್ದಾನೆ.

ಪ್ರಾಟೆಸ್ಟೆಂಟ್ ಮನೆಯ ಹುಡುಗ ಕ್ಯಾಥೊಲಿಕ್ ಚರ್ಚಿನ ಪುಸ್ತಕದಲ್ಲಿ ಹೇಗೆ ಬಂದ ಎಂದು ಹಲವರು ಕೇಳುತ್ತಾರೆ. ಸ್ಪೇನ್ ಕೈಯಲ್ಲಿದ್ದ ಊರಿನಲ್ಲಿ ಬೇರೆ ಚರ್ಚಿಗೆ ಅವಕಾಶವೇ ಇರಲಿಲ್ಲ. ಹಾಗಾಗಿ ಅಲ್ಲಿಂದ ಓಡಿಬಂದವರ ಮೂಲ ಹುಡುಕುವಾಗ ಕ್ಯಾಥೊಲಿಕ್ ಪುಸ್ತಕ ಬಿಡಬೇಡಿ.

ಕತಲೀನಾ ಪ್ಯಾರಿಸ್‌ನವಳಾ?

1688ರ ಒಂದು ಹೇಳಿಕೆಯಲ್ಲಿ ಇಂಗ್ಲಿಷ್ ಗುಮಾಸ್ತ ಹಾಗೆ ಬರೆದಿದ್ದಾನೆ. ಆಕೆ ಹೇಳಿದ್ದು ಪ್ರಿಶ್ ಎಂಬ ಹಳ್ಳಿಯ ಹೆಸರನ್ನು ಎಂದು ಸಂಶೋಧಕರು ಒಪ್ಪುತ್ತಾರೆ. ಅದು ಆಗ ಎನೋ ಪ್ರಾಂತ್ಯದಲ್ಲಿತ್ತು, ಈಗ ಉತ್ತರ ಫ್ರಾನ್ಸಿನಲ್ಲಿದೆ. 80 ದಾಟಿದ ಫ್ರೆಂಚ್ ಮಾತಿನ ಮುದುಕಿ, ಇಂಗ್ಲಿಷ್ ಕಿವಿಯ ಗುಮಾಸ್ತ. ಪ್ರಿಶ್ ಹೋಗಿ ಪ್ಯಾರಿಸ್ ಆಗುವುದು ಎಷ್ಟು ಹೊತ್ತಿನ ಕೆಲಸ? ಊರಿನ ಹೆಸರು ತೀರಾ ಪರಿಚಿತವಾಗಿ ಕಂಡರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಬಂದದ್ದು 1623ರಲ್ಲಾ, 1624ರಲ್ಲಾ? ಎರಡೂ ಬರೆದಿದ್ದಾರೆ.

ಗೊಂದಲ ಹುಟ್ಟಿದ್ದು ಕತಲೀನಾ ಬಾಯಿಂದಲೇ. ಆಕೆಯ ಎರಡು ಹೇಳಿಕೆಗಳು ಉಳಿದಿವೆ. ಮೊದಲನೆಯದು 1685ರ ಫೆಬ್ರವರಿಯಲ್ಲಿ ಗವರ್ನರ್ ಥಾಮಸ್ ಡಾಂಗನ್ ಮುಂದೆ ಕೊಟ್ಟದ್ದು. "1623 ಅಥವಾ 1624, ನೆನಪಿರುವ ಮಟ್ಟಿಗೆ" ಎಂದಿದ್ದಾಳೆ. ಎರಡನೆಯದು 1688ರ ಅಕ್ಟೋಬರ್‌ನಲ್ಲಿ, ಆಕೆಯ ಮನೆಯಲ್ಲೇ, ವಿಲಿಯಂ ಮಾರಿಸ್ ಎಂಬ ನ್ಯಾಯಾಧಿಕಾರಿಯ ಮುಂದೆ. ಅದರಲ್ಲಿ 1623 ಎಂದೇ ಇದೆ. ಹಡಗಿನ ಹೆಸರನ್ನು ಇಂಗ್ಲಿಷಿನಲ್ಲಿ ಯೂನಿಟಿ ಎಂದು ಬರೆದಿದ್ದಾರೆ, ಡಚ್ಚರಲ್ಲಿ ಅದು ಏಂದ್ರಾಖ್ಟ್. ಮದುವೆಯೇ 1624ರ ಜನವರಿಯಲ್ಲಿ ಆಗಿರುವಾಗ ಜೋಡಿಯಾಗಿ 1623ರಲ್ಲಿ ಬಂದಿಳಿಯಲು ಸಾಧ್ಯವಿಲ್ಲ. ಮದುವೆಯ ದಿನವೇ ಬರೆದ ಪುಸ್ತಕ ಒಂದು ಕಡೆ, 60 ವರ್ಷದ ನಂತರದ ನೆನಪು ಇನ್ನೊಂದು ಕಡೆ. ಪುಸ್ತಕಕ್ಕೇ ಜಾಸ್ತಿ ತೂಕ.

ಹಾಗಂತ ಆ ಹೇಳಿಕೆಗಳನ್ನು ಪಕ್ಕಕ್ಕೆ ಸರಿಸಬೇಡಿ. ವಯಸ್ಸಿನ ಲೆಕ್ಕ ನೋಡಿ. 1624ರಲ್ಲಿ 18. 1685ರಲ್ಲಿ ಸುಮಾರು 80. 1688ರಲ್ಲಿ ಸುಮಾರು 83. ಮೂರೂ ನಮ್ಮನ್ನು 1605ರ ಆಸುಪಾಸಿಗೇ ತಂದು ನಿಲ್ಲಿಸುತ್ತವೆ. ಆ ಕಾಲದಲ್ಲಿ ವಯಸ್ಸಾದವರು ಐದು ಹತ್ತು ವರ್ಷ ಆಚೀಚೆ ಹೇಳುವುದು ಮಾಮೂಲಿ. ಈ ಅಜ್ಜಿಯ ಲೆಕ್ಕ ಇಷ್ಟು ಪಕ್ಕಾ ಇದ್ದರೆ ಬೇರೆ ವಿವರಗಳಿಗೂ ಬೆಲೆ ಕೊಡಬೇಕಾಗುತ್ತದೆ. ಇಷ್ಟು ಕುಟುಂಬ ಆ ನದಿಗೆ, ಇಷ್ಟು ಗಂಡಸರು ಈ ನದಿಗೆ, ಎಂಟು ಜನ ಮ್ಯಾನ್‌ಹಟನ್‌ನಲ್ಲೇ, ಉಳಿದವರು ಆಲ್ಬನಿಗೆ ಎಂದು ಬಿಡಿಸಿ ಹೇಳಿದ್ದಾಳೆ. ನಾಲ್ಕು ಹೆಂಗಸರಿಗೆ ಸಮುದ್ರದ ಮೇಲೇ ಮದುವೆಯಾಯಿತು ಎಂಬುದನ್ನೂ ಮರೆತಿಲ್ಲ.

ಯಾಕೆ ಕೇಳಿದರು ಎಂಬುದೂ ಮುಖ್ಯ. ಗವರ್ನರ್‌ಗೆ ಅಜ್ಜಿಯ ಸಂಸಾರದ ಕಥೆ ಬೇಕಿರಲಿಲ್ಲ. ಯಾವ ನದಿ ದಡದಲ್ಲಿ ಯಾರು ಮೊದಲು ಕೂತರು ಎಂಬುದೇ ಆ ಹೇಳಿಕೆಯ ತಿರುಳು. ಆಲ್ಬನಿಯಲ್ಲಿದ್ದ ಮೂರು ವರ್ಷ ಮೂಲನಿವಾಸಿಗಳು ಕುರಿಮರಿಗಳಂತೆ ಶಾಂತವಾಗಿದ್ದರು ಎಂದೂ ಹೇಳಿದ್ದಾಳೆ. ಆದರೆ 1626ರಲ್ಲಿ ಕೋಟೆಯ ಮುಖ್ಯಸ್ಥ ಫಾನ್ ಕ್ರೀಕೆನ್‌ಬೇಕ್ ಮಹಿಕನ್ ಎಂಬ ಮೂಲನಿವಾಸಿ ಬುಡಕಟ್ಟಿನ ಪರವಾಗಿ ಮೊಹಾಕ್ ಎಂಬ ಇನ್ನೊಂದು ಬುಡಕಟ್ಟಿನ ಮೇಲೆ ಹೋಗಿ ಸತ್ತ. ಆಮೇಲೆ ಕುಟುಂಬಗಳನ್ನೆಲ್ಲ ಮ್ಯಾನ್‌ಹಟನ್‌ಗೆ ಕರೆಸಿಕೊಂಡರು. ಈ ಗಲಾಟೆಯ ಮಾತು ಅಜ್ಜಿಯ ಹೇಳಿಕೆಯಲ್ಲಿ ಇಲ್ಲ.

ಕೆಲವು ಕಡೆ ಯೋರಿಸ್ ಜಾನ್ಸೆನ್ ಅಂತಿದೆ, ಕೆಲವು ಕಡೆ ರಾಪೆಲ್ಯೆ. ಇಬ್ಬರೂ ಒಬ್ಬನೇನಾ?

ಒಬ್ಬನೇ. ಜಾನ್ಸೆನ್ ಎಂದರೆ ಯಾನ್ ಎಂಬವನ ಮಗ. ನಾವು ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಹಾಕಿಕೊಳ್ಳುವ ಹಾಗೆ ಅವರು ಅಪ್ಪನ ಹೆಸರನ್ನು ಹಿಂದೆ ಹಾಕುತ್ತಿದ್ದರು. ಜಾನ್ ಎಂಬ ಫ್ರೆಂಚ್ ಅಪ್ಪ ಡಚ್ಚರ ಬಾಯಲ್ಲಿ ಯಾನ್ ಆಗುತ್ತಾನೆ. ವಲೆನ್ಸಿಯೆನ್ ದಾಖಲೆ ಹೊಂದುತ್ತದೆ ಎಂದದ್ದು ಇದಕ್ಕೇ.

ಹುಡುಕುವಾಗ ಇದೇ ದೊಡ್ಡ ತಲೆನೋವು. ಜಾನ್ಸೆನ್ ಎಂಬ ಹೆಸರಿನವರು ಆ ಊರಿನಲ್ಲಿ ಎಷ್ಟೋ ಜನ. ಅವರೆಲ್ಲ ಅಣ್ಣತಮ್ಮಂದಿರಲ್ಲ. ಅವರ ಅಪ್ಪಂದಿರ ಹೆಸರು ಯಾನ್, ಅಷ್ಟೇ. 1664ರಲ್ಲಿ ಇಂಗ್ಲಿಷರು ಊರನ್ನು ಹಿಡಿದ ಮೇಲೆ ನಿಧಾನವಾಗಿ ಖಾಯಂ ಮನೆತನದ ಹೆಸರುಗಳು ಬಂದವು. ರಾಪೆಲ್ಯೆ ಕೂಡ ರಾಪಾಲ್ಯೆ, ರಾಪೆಲೈ, ರಾಪಲಿ ಎಂದು ಹತ್ತಾರು ರೀತಿ ಆಯಿತು. ಹುಡುಕುವಾಗ ಒಂದೇ ಸ್ಪೆಲಿಂಗ್ ಹಿಡಿದು ಕೂರಬೇಡಿ. ಹೆಸರು ಬಿಟ್ಟು ಊರು ಮತ್ತು ಹೆಂಡತಿಯ ಹೆಸರಿನಿಂದ ಹುಡುಕಿ ನೋಡಿ.

ಹೆಂಡತಿಯ ಹೆಸರಿನಿಂದ ಅಂದ್ರೆ? ಮದುವೆಯಾದ ಮೇಲೆ ಬದಲಾಗುತ್ತಿರಲಿಲ್ವಾ?

ಡಚ್ಚರಲ್ಲಿ ಬದಲಾಗುತ್ತಿರಲಿಲ್ಲ. ಮದುವೆಯಾಗಿ 64 ವರ್ಷ ಆದಮೇಲೂ, ಗಂಡ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ, ಆಕೆ ಕಾಗದದಲ್ಲಿ ಕತಲೀನಾ ತ್ರಿಕೋ ಆಗಿಯೇ ಇದ್ದಾಳೆ. ವಂಶ ಹುಡುಕುವವರಿಗೆ ಇದೊಂದು ವರ. ಮಗುವಿನ ಬ್ಯಾಪ್ಟಿಸಂ ದಾಖಲೆಯಲ್ಲಿ ತಾಯಿ ಸ್ವಂತ ಹೆಸರಿನಲ್ಲೇ ಇರುತ್ತಾಳೆ. ಪಕ್ಕದಲ್ಲಿ ಸಾಕ್ಷಿಗಳ ಹೆಸರೂ ಇರುತ್ತದೆ. ಸಾಕ್ಷಿಗಳು ಬಹುತೇಕ ಅಜ್ಜಿ, ಸೋದರಮಾವ, ಚಿಕ್ಕಮ್ಮ. ಯಾರು ಯಾರ ಕಡೆಯವರು ಎಂದು ಎಷ್ಟೋ ಸಲ ಗೊತ್ತಾಗುವುದು ಆ ಸಾಕ್ಷಿಗಳಿಂದಲೇ. ಇಂಗ್ಲಿಷ್ ಪದ್ಧತಿ ಬಂದ ಮೇಲೆ ಈ ಅನುಕೂಲ ಕ್ರಮೇಣ ತಪ್ಪಿಹೋಯಿತು.

ನಮ್ಮ ವಂಶವೃಕ್ಷದಲ್ಲಿ ರಾಪೆಲ್ಯೆ ಹೆಸರೇ ಇಲ್ಲ. ಆದರೂ ಸಂಬಂಧ ಇರಬಹುದಾ?

ಇರಬಹುದು. ಅದೇ ಜಾಸ್ತಿ. ಹನ್ನೊಂದು ಮಕ್ಕಳಲ್ಲಿ ಏಳು ಹೆಣ್ಣು. ರಾಪೆಲ್ಯೆ ಹೆಸರನ್ನು ಮುಂದೆ ಕೊಂಡೊಯ್ದವರು ಮುಖ್ಯವಾಗಿ ಜೆರೋನಿಮಸ್ ಮತ್ತು ಡೇನಿಯಲ್ ಎಂಬ ಇಬ್ಬರು ಗಂಡುಮಕ್ಕಳು. ಉಳಿದ ಸಂತತಿ ಬೇರೆ ಹೆಸರುಗಳಲ್ಲಿ ಹರಡಿದೆ. ಯಾನೆಚೆ ಮದುವೆಯಾದದ್ದು ರೆಮ್ ಜಾನ್ಸೆನ್ ಎಂಬವನನ್ನು. ಅವನ ಮಕ್ಕಳು "ರೆಮ್‌ನ ಮಗ" ಎಂದು ರೆಮ್ಸನ್ ಆದರು. ಬ್ರೂಕ್ಲಿನ್‌ನ ರೆಮ್ಸನ್ ಬೀದಿ ಆ ಹೆಸರಿನದ್ದೇ. ಆನೆಚೆ ಕಡೆಯವರು ರೈಯರ್ಸನ್. ಯೂದಿತ್ ಕಡೆಯವರು ಫಾನ್ ನೆಸ್ಟ್. ಸಾರಾ ಎರಡು ಸಲ ಮದುವೆಯಾದಳು. ಮೊದಲ ಗಂಡನಿಂದ ಬರ್ಗನ್ ವಂಶ, ಎರಡನೆಯವನಿಂದ ಬೋಗಾರ್ಟ್ ವಂಶ. ಸಿನಿಮಾ ನಟ ಹಂಫ್ರಿ ಬೋಗಾರ್ಟ್ ಈ ಸಾಲಿನವನೆಂದು ಹೇಳುತ್ತಾರೆ.

ಸಾರಾ ಆ ನೆಲದಲ್ಲಿ ಹುಟ್ಟಿದ ಮೊದಲ ಮಗು ಅಂತಾರೆ?

ಮೊದಲ "ಯುರೋಪಿಯನ್ ಹೆಣ್ಣುಮಗು" ಎನ್ನಬೇಕು. ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಮಕ್ಕಳು ಹುಟ್ಟುತ್ತಲೇ ಇದ್ದರು. ಸಾರಾ ಹುಟ್ಟಿದ್ದು 1625ರ ಜೂನ್ 9, ಫೋರ್ಟ್ ಆರೆಂಜ್‌ನಲ್ಲಿ. ತಾನು ಮೊದಲು ಹುಟ್ಟಿದ ಕ್ರೈಸ್ತ ಮಗಳು ಎಂಬುದನ್ನು ಆಕೆ ಸುಮ್ನೆ ಬಿಡಲಿಲ್ಲ. ಏಳು ಮಕ್ಕಳನ್ನು ಸಾಕಬೇಕು, ಹುಲ್ಲುಗಾವಲು ಕೊಡಿ ಎಂದು 1656ರಲ್ಲಿ ಸರ್ಕಾರಕ್ಕೆ ಹಾಕಿದ ಅರ್ಜಿಯಲ್ಲೇ ಅದನ್ನು ಹೇಳಿಕೊಂಡಿದ್ದಾಳೆ. ಜಾಣೆ. ಗಂಡುಮಕ್ಕಳಲ್ಲಿ ಮೊದಲಿಗ ಜಾನ್ ವಿನ್ಯೇ ಎಂಬ ಮಾತು ಆಗಲೇ ಇತ್ತು.

ಬ್ರೂಕ್ಲಿನ್ ಜಮೀನಿನ ವಿಷಯ ಏನು?

1637ರ ಜೂನ್ 16ರಂದು ಯೋರಿಸ್ ವಾಲಬೌಟ್ ಕೊಲ್ಲಿಯ ದಡದಲ್ಲಿ ಸುಮಾರು 335 ಎಕರೆ ಕೊಂಡ. ಮಾರಿದವರೆಂದು ಕಾಕಾಪೆತೇನೊ, ಪೆವಿಖಾಸ್ ಎಂಬ ಇಬ್ಬರು ಮೂಲನಿವಾಸಿಗಳ ಹೆಸರು ಪತ್ರದಲ್ಲಿದೆ. ಜಾಗದ ಹೆಸರು ರಿನ್ನೆಗಕೊಂಕ್. 1643ರಲ್ಲಿ ಗವರ್ನರ್ ಕೀಫ್ಟ್‌ನಿಂದ ಹಕ್ಕುಪತ್ರ ಸಿಕ್ಕಿತು. ಮುಂದೆ ಅಮೆರಿಕದ ನೌಕಾಪಡೆಯ ಹಡಗುಕಟ್ಟೆ ಎದ್ದದ್ದು ಅದೇ ಕೊಲ್ಲಿಯಲ್ಲಿ.

"ಮಾರಿದರು" ಎಂಬುದನ್ನು ನಾನು ಎಚ್ಚರದಿಂದ ಓದುತ್ತೇನೆ. ನೆಲವನ್ನು ಶಾಶ್ವತವಾಗಿ ಕೊಟ್ಟುಬಿಡುವುದು ಅಲ್ಲಿಯ ಮೂಲನಿವಾಸಿಗಳಾದ ಲೆನಾಪೆ ಜನರ ರೂಢಿಯಲ್ಲಿ ಇರಲಿಲ್ಲ. ಪತ್ರ ಬರೆದದ್ದು ಡಚ್ ಭಾಷೆಯಲ್ಲಿ, ಡಚ್ ಕಾನೂನಿನ ಪ್ರಕಾರ. ಹಕ್ಕುಪತ್ರ ಬಂದ 1643ರಲ್ಲೇ ಕೀಫ್ಟ್‌ನ ಸೈನಿಕರು ಲೆನಾಪೆ ಜನರನ್ನು ಕೊಂದರು, ಯುದ್ಧ ಹತ್ತಿಕೊಂಡಿತು. ಅದಕ್ಕೂ ಮುಂಚೆ 1641ರಲ್ಲಿ ಕೀಫ್ಟ್ ಕರೆಸಿದ ಹನ್ನೆರಡು ಜನರ ಸಲಹಾ ಮಂಡಳಿಯಲ್ಲಿ ಯೋರಿಸ್ ಕೂಡ ಇದ್ದ. ಕುಟುಂಬದ ಕಥೆ ಬರೆಯುವಾಗ ಈ ಪುಟವನ್ನೂ ಬರೆಯಿರಿ.

ದೊಡ್ಡ ಮಕ್ಕಳ ಬ್ಯಾಪ್ಟಿಸಂ ದಾಖಲೆ ಎಲ್ಲೂ ಸಿಗುತ್ತಿಲ್ಲ. ಎಲ್ಲಿ ಹುಡುಕಲಿ?

ಹುಡುಕಬೇಡಿ, ಸಿಗುವುದಿಲ್ಲ. ನ್ಯೂ ಆಮ್‌ಸ್ಟರ್‌ಡ್ಯಾಮ್ (ಮ್ಯಾನ್‌ಹಟನ್‌ನಲ್ಲಿದ್ದ ಡಚ್ಚರ ಊರು, ಈಗಿನ ನ್ಯೂಯಾರ್ಕ್) ಚರ್ಚಿನ ಉಳಿದಿರುವ ಪುಸ್ತಕ ಶುರುವಾಗುವುದೇ 1639ರಿಂದ. ಅದಕ್ಕೆ ಮೊದಲು ಹುಟ್ಟಿದವರಿಗೆ ಕುಟುಂಬದವರು ಬರೆದಿಟ್ಟುಕೊಂಡ ಜನನದ ಪಟ್ಟಿಯೇ ಆಧಾರ.

ಸರ್ಕಾರಿ ಕಾಗದಗಳ ಕಥೆ ಇನ್ನೂ ಬೇಸರದ್ದು. ಈ ವಲಸೆಯನ್ನು ನಡೆಸಿದ್ದು 1621ರಲ್ಲಿ ಹುಟ್ಟಿದ ಡಚ್ ವೆಸ್ಟ್ ಇಂಡಿಯಾ ಕಂಪನಿ. (ನಮ್ಮ ಬಸ್ರೂರಿಗೆ ಅಕ್ಕಿ, ಮೆಣಸಿಗಾಗಿ ಬಂದ ಡಚ್ ಕಂಪನಿ ಬೇರೆ, ಅದು 1602ರದ್ದು.) ವೆಸ್ಟ್ ಇಂಡಿಯಾ ಕಂಪನಿಯ ಹಳೆಯ ಕಡತಗಳನ್ನು 1821ರಲ್ಲಿ ರದ್ದಿ ಲೆಕ್ಕದಲ್ಲಿ ಮಾರಿಬಿಟ್ಟರು. ಇಪ್ಪತ್ತು ವರ್ಷದ ನಂತರ ನ್ಯೂಯಾರ್ಕಿನಿಂದ ಹುಡುಕಿಕೊಂಡು ಹೋದ ಜಾನ್ ಬ್ರಾಡ್‌ಹೆಡ್‌ಗೆ ಸಿಕ್ಕಿದ್ದು ಈ ಸುದ್ದಿ. ಇತ್ತ ಆಲ್ಬನಿಯಲ್ಲಿ 1638ರಿಂದಾಚೆಗಿನ ಡಚ್ ಕಾಗದಗಳು ಇದ್ದವು. 1911ರ ಮಾರ್ಚ್‌ನಲ್ಲಿ ಆ ಕಟ್ಟಡಕ್ಕೇ ಬೆಂಕಿ ಬಿತ್ತು. ಅಂಚು ಸುಟ್ಟರೂ ಡಚ್ ಕಾಗದ ಬಹಳಷ್ಟು ಉಳಿಯಿತು. ಅದಕ್ಕೆ ಒಂದು ಕಾರಣ, ಅವನ್ನು ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದರು.

ನನಗೆ ಡಚ್ ಬರುವುದಿಲ್ಲ. ಏನು ಮಾಡಲಿ?

ಡಚ್ಚರಿಗೇ ಆ ಕಾಲದ ಕೈಬರಹ ಓದಲು ಕಷ್ಟ. ಆಲ್ಬನಿಯ ಕಾಗದಗಳನ್ನು ಚಾರ್ಲ್ಸ್ ಗೆರಿಂಗ್ ಮತ್ತು ಅವರ ಜೊತೆಗಾರರು 1974ರಿಂದ ಇಂಗ್ಲಿಷಿಗೆ ತರುತ್ತಾ ಬಂದಿದ್ದಾರೆ. ನ್ಯೂ ನೆದರ್‌ಲ್ಯಾಂಡ್ ಇನ್‌ಸ್ಟಿಟ್ಯೂಟ್‌ನ ತಾಣದಲ್ಲಿ ಪುಕ್ಕಟೆ ಓದಬಹುದು. ಚರ್ಚಿನ ಬ್ಯಾಪ್ಟಿಸಂ, ಮದುವೆ ಪಟ್ಟಿಗಳು ಬಹಳ ಹಿಂದೆಯೇ ಅಚ್ಚಾಗಿವೆ. ಫ್ಯಾಮಿಲಿಸರ್ಚ್ ಎಂಬ ವಂಶದಾಖಲೆಗಳ ತಾಣದಲ್ಲಿ ಖಾತೆ ತೆರೆಯಲು ದುಡ್ಡು ಕೊಡಬೇಕಿಲ್ಲ. ಅನುವಾದದಲ್ಲಿ ವಿಷಯ ಸಿಕ್ಕ ಮೇಲೆ ಮೂಲ ಪುಟದ ಚಿತ್ರವನ್ನೂ ಒಮ್ಮೆ ತೆರೆದು ನೋಡಿ. ಹೆಸರು ಮತ್ತು ಅಂಕಿಯನ್ನಾದರೂ ಹೋಲಿಸಬಹುದು.

ಒಂದೇ ಘಟನೆಗೆ ಎರಡೆರಡು ತಾರೀಖು ಯಾಕಿದೆ?

ಎರಡು ಕ್ಯಾಲೆಂಡರ್ ಇದ್ದವು. ಹಾಲೆಂಡ್ ಪ್ರಾಂತ್ಯ ಆಗಲೇ ಹೊಸ ಕ್ಯಾಲೆಂಡರಿಗೆ ಹೋಗಿತ್ತು. ಇಂಗ್ಲಿಷರು 1752ರವರೆಗೆ ಹಳೆಯದರಲ್ಲೇ ಇದ್ದರು. ನಡುವೆ 1700ರವರೆಗೆ 10 ದಿನದ, ಆಮೇಲೆ 11 ದಿನದ ವ್ಯತ್ಯಾಸ. ಸಾಲದ್ದಕ್ಕೆ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅದಕ್ಕೇ ಕತಲೀನಾಳ ಮೊದಲ ಹೇಳಿಕೆಯ ವರ್ಷವನ್ನು 1684/5 ಎಂದು ಬರೆಯುತ್ತಾರೆ. ನಿಮ್ಮ ಟಿಪ್ಪಣಿಯಲ್ಲೂ ಹಾಗೇ ಇರಲಿ, "ಸರಿ" ಮಾಡಲು ಹೋಗಬೇಡಿ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತಾ?

ಸಾಮಾನ್ಯ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ಹನ್ನೆರಡು ತಲೆಮಾರು ಹಿಂದಕ್ಕೆ ಹೋದರೆ ನಿಮಗೆ 4096 ಪೂರ್ವಜರ ಜಾಗಗಳಿವೆ. ಅದರಲ್ಲಿ ಒಂದು ಜೋಡಿಯ ಪಾಲು ನಿಮ್ಮಲ್ಲಿ ಉಳಿದಿಲ್ಲದೇ ಇರಬಹುದು. ಉಳಿದಿದ್ದರೂ ಅದು ಅವರದ್ದೇ ಎಂದು ಹೇಳುವುದು ಕಷ್ಟ. ಗಂಡಿನಿಂದ ಗಂಡಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮ್ ಪರೀಕ್ಷೆ ರಾಪೆಲ್ಯೆ ಹೆಸರಿನ ಗಂಡಸರಿಗೆ ಉಪಯೋಗ. ತಾಯಿಯಿಂದ ಮಕ್ಕಳಿಗೆ ಬಂದರೂ ಹೆಣ್ಣುಮಕ್ಕಳ ಮೂಲಕವೇ ಮುಂದೆ ಹೋಗುವ ಎಳೆಯ (ಮೈಟೋಕಾಂಡ್ರಿಯಲ್ ಡಿಎನ್‌ಎ) ಪರೀಕ್ಷೆ ಕತಲೀನಾಳ ಹೆಣ್ಣುಮಕ್ಕಳ ನೇರ ಸಾಲಿಗೆ ಉಪಯೋಗ. ನಡುವೆ ಒಬ್ಬ ಗಂಡು ಬಂದರೂ ಆ ಎಳೆ ಅಲ್ಲಿಗೇ ನಿಂತಿತು. ಬಾಕಿ ಎಲ್ಲರಿಗೂ ಕಾಗದವೇ ಗತಿ.

ಹತ್ತು ಲಕ್ಷ ವಂಶಸ್ಥರು ಅನ್ನುವುದು ಉತ್ಪ್ರೇಕ್ಷೆ ಅಲ್ವಾ?

ಯಾರೂ ಎಣಿಸಿಲ್ಲ, ಅಂದಾಜು ಮಾತ್ರ. ಆದರೆ ನಂಬಲಾಗದ್ದೇನಲ್ಲ. 1680ರಲ್ಲಿ ಯಾಸ್ಪರ್ ಡಾಂಕರ್ಟ್ಸ್ ಎಂಬ ಪ್ರವಾಸಿ ವಾಲಬೌಟ್‌ಗೆ ಹೋಗಿ ಕತಲೀನಾಳನ್ನು ಕಂಡು ಬಂದ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸೇರಿ ಆಗಲೇ ಸುಮಾರು 145 ಜನ ಎಂದು ದಿನಚರಿಯಲ್ಲಿ ಬರೆದಿದ್ದಾನೆ. ಯೋರಿಸ್ ಸತ್ತು ಹದಿನೇಳು ಹದಿನೆಂಟು ವರ್ಷವಾಗಿತ್ತು. ಇಷ್ಟು ದೊಡ್ಡ ಸಂಸಾರ ಸುತ್ತ ಇದ್ದರೂ ಆಕೆ ಅವರಿಂದ ಸ್ವಲ್ಪ ದೂರ, ತನ್ನದೇ ಪುಟ್ಟ ಕೈತೋಟ ಇಟ್ಟುಕೊಂಡು ಒಬ್ಬಳೇ ಇದ್ದಳು. ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಿದ್ದಳು. ತೀರಿಕೊಂಡದ್ದು 1689ರಲ್ಲಿ.

ಆನ್‌ಲೈನ್ ವಂಶವೃಕ್ಷಗಳನ್ನು ಬಳಸಲೇಬಾರದಾ?

ಬಳಸಿ, ಸುಳಿವಿಗಾಗಿ. ಹೆಸರಿನ ಪಕ್ಕದಲ್ಲಿ ಯಾವ ಪುಸ್ತಕ, ಯಾವ ಪುಟ ಎಂದು ಇದೆಯಾ ನೋಡಿ. ಅಲ್ಲೂ "ಇನ್ನೊಂದು ವಂಶವೃಕ್ಷ" ಎಂದೇ ಇದ್ದರೆ ಅದನ್ನು ಆಧಾರ ಎಂದು ಎಣಿಸಬೇಡಿ. ತಾಯಿಗಿಂತ ಮಗ ಹತ್ತೇ ವರ್ಷ ಚಿಕ್ಕವನು, ತಾಯಿ ಸತ್ತ ಮೇಲೆ ಮಗು ಹುಟ್ಟಿದೆ ಎಂಬಂಥವು ಕಂಡರೆ ಆ ಕೊಂಬೆಯನ್ನು ಅಲ್ಲೇ ಬಿಡಿ. ನಿಮ್ಮದನ್ನು ಬರೆಯುವಾಗ ಗೊತ್ತಿರುವ ಕೊನೆಯ ಮೆಟ್ಟಿಲಲ್ಲಿ ನಿಲ್ಲಿಸಿ. ರಾಪೆಲ್ಯೆ ಸಾಲಿನಲ್ಲಿ ಆ ಮೆಟ್ಟಿಲು ವಲೆನ್ಸಿಯೆನ್‌ನ ಜಾನ್ ಮತ್ತು ಎಲಿಜಬೆತ್. ಅವರ ಮೇಲಿನ ಖಾನೆ ಖಾಲಿ ಇರಲಿ.